ಗುಂಬಜಿನೊಳಗಿನ ಕಲ್ಲು, ಬೇವಿನ ಬುಡದ ಕಲ್ಲು

ಕಲಬುರಗಿಯ ಸೇಡಂ ರಸ್ತೆಯ ಮಗ್ಗುಲಿಗೆ ಎರಡು ಗುಂಬಜುಗಳಿವೆ. ಈ ಊರು ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಕಾಲದಲ್ಲಿ ಎದ್ದವು. 1347ರಲ್ಲಿ ಗಾದಿ ಏರಿದ ಅಲ್ಲಾವುದ್ದೀನ್ ಹಸನ್ ಬಹಮನ್ ಶಾ ಈ ಊರನ್ನು ರಾಜಧಾನಿ ಮಾಡಿಕೊಂಡ. ನೂರು ವರ್ಷ ತುಂಬುವ ಮೊದಲೇ ಆ ಗಾದಿ ಬೀದರಿಗೆ ಹೋಯಿತು. ಗುಂಬಜುಗಳು ಮಾತ್ರ ನಿಂತವು. ಗೋರಿಗೆಂದು ಕಟ್ಟಿದ ಅವುಗಳೊಳಗೆ ಈಗ ರಾಜ್ಯ ಪುರಾತತ್ವ ಇಲಾಖೆಯ ಸರ್ಕಾರಿ ವಸ್ತುಸಂಗ್ರಹಾಲಯ.

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಹೊರಗೆ ನೆಲ ಕಾದು ಕಾವಲಿಯಾಗಿರುತ್ತದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೈಮೇಲಿನ ಬಿಸಿಲು ಕಳಚಿ ಬೀಳುತ್ತದೆ. ಗೋಡೆಗಳು ಅಷ್ಟು ದಪ್ಪ. ಮಾತಾಡಿದರೆ ಮಾತು ಮೇಲಕ್ಕೆ ಹೋಗಿ ಗುಂಬಜಿನ ಹೊಟ್ಟೆಯಲ್ಲಿ ಒಂದು ಸುತ್ತು ತಿರುಗಿ ಕೆಳಗೆ ಬರುತ್ತದೆ. ಶಾಲೆಯ ಮಕ್ಕಳು ಬಂದಾಗ ಈ ಸುದ್ದಿ ಅವರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಆಮೇಲೆ ಮೇಷ್ಟ್ರು ಎಷ್ಟು ಗದರಿದರೂ ಕೂಗು ನಿಲ್ಲುವುದಿಲ್ಲ.

ಒಳಗಿನ ಕಲ್ಲುಗಳಲ್ಲಿ ಭೀಮಾತೀರದ ಸನ್ನತಿಯಿಂದ ಬಂದ ಸ್ಮಾರಕ ಕಲ್ಲುಗಳ ಮುಂದೆ ನಾನು ಯಾವಾಗಲೂ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮೊದಲ ನೋಟಕ್ಕೆ ಸುಣ್ಣಕಲ್ಲಿನ ಒಂದು ಹಲಗೆ, ಅಷ್ಟೆ. ಹತ್ತಿರ ಹೋದರೆ ಅದು ಅಂತಸ್ತು ಅಂತಸ್ತಾಗಿ ತೆರೆದುಕೊಳ್ಳುತ್ತದೆ. ಒಂದು ಪಟ್ಟಿಯಲ್ಲಿ ಗಂಡ ಹೆಂಡತಿ ಎದುರು ಬದುರು ಕುಳಿತಿದ್ದಾರೆ. ಇನ್ನೊಂದರಲ್ಲಿ ಎತ್ತಿನ ಬಂಡಿ ಹೊರಟಿದೆ. ಎತ್ತುಗಳ ಇಣಿಯನ್ನು ಕೆತ್ತಿದವನು ಎತ್ತು ಕಟ್ಟಿ ಬಲ್ಲವನೇ ಇರಬೇಕು: ನೊಗ ಕುತ್ತಿಗೆಯ ಮೇಲೆ ಎಲ್ಲಿ ಕೂರಬೇಕೋ ಅಲ್ಲೇ ಕುಳಿತಿದೆ. ಸತ್ತವರಿಗಾಗಿ ನಿಲ್ಲಿಸಿದ ಈ ಕಲ್ಲಿಗೆ ಸುಮಾರು ಎರಡು ಸಾವಿರ ವರ್ಷ. ರಾಜನಿಲ್ಲ, ಯುದ್ಧವಿಲ್ಲ. ಬದುಕಿದ್ದಾಗ ಬಂಡಿ ಹೂಡಿಕೊಂಡು ಎಲ್ಲಿಗೋ ಹೋಗುತ್ತಿದ್ದ ಒಂದು ಮನೆಯವರು, ಹಾಗೇ ಹೋಗುತ್ತಿದ್ದಾರೆ.

ಅಂಥ ಕಲ್ಲೊಂದರ ಮುಂದೆ ಆಳಂದ ತಾಲೂಕಿನ ಕಡೆಯಿಂದ ಬಂದಿದ್ದ ಒಬ್ಬ ಹುಡುಗ ತನ್ನ ಮೇಷ್ಟ್ರಿಗೆ ಹೇಳುತ್ತಿದ್ದ: “ಸರ್, ಹಿಂಥಾ ಕಲ್ಲ ನಮ್ಮೂರ ಹಣಮಪ್ಪನ ಗುಡಿ ಮುಂದೂ ಅದಾವ್ರಿ. ನಮ್ಮ ಆಯಿ ಅವಕ್ಕ ಎಣ್ಣಿ ಹಾಕ್ತಾಳ್ರಿ.”

ಈ ಸೀಮೆಯ ಚರಿತ್ರೆ ಹೇಗೆ ಉಳಿಯಿತು ಎನ್ನುವುದೆಲ್ಲ ಆ ಹುಡುಗನ ಮಾತಿನಲ್ಲಿದೆ. ಇಲ್ಲಿನ ಕಲ್ಲುಗಳನ್ನು ಯಾರೂ ಕಾಪಾಡಬೇಕೆಂದು ಕಾಪಾಡಿದ್ದಲ್ಲ. ಬಳಸುತ್ತಾ ಬಂದರು, ಅದಕ್ಕೇ ಉಳಿದವು. ಗೋರಿ ಸಂಗ್ರಹಾಲಯವಾಯಿತು, ವೀರಗಲ್ಲು ದೇವರಾಯಿತು, ಚಕ್ರವರ್ತಿಯ ಶಾಸನ ದೇವಿಯ ಪೀಠವಾಯಿತು. ಕಲ್ಲನ್ನು ಎತ್ತಿ ಗುಂಬಜಿನೊಳಗೆ ತಂದಿಡುವಾಗ ಆ ಬಳಕೆಯೂ ಅದರ ಜೊತೆ ಬರಬೇಕು. ಅದು ಹಿಂದೆಯೇ ಉಳಿದರೆ ಅರ್ಧ ಕಲ್ಲಷ್ಟೇ ಬಂದಂತೆ.

ಕಲಬುರಗಿಯಿಂದ ಆಳಂದದ ದಾರಿ ಹಿಡಿದರೆ ಕಡಗಂಚಿ ಬರುತ್ತದೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲಿದೆ. ಆಮೇಲೆ ಎರಡೂ ಕಡೆ ಎರೆಭೂಮಿ. ಹಿಂಗಾರಿನ ದಿನಗಳಲ್ಲಾದರೆ ಆಳೆತ್ತರದ ತೊಗರಿ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನೊಳಗೆ ಕೈ ಇಳಿಸಿದರೆ ಮೊಣಕೈವರೆಗೂ ಹೋದೀತು. ಮಳೆ ಬಿದ್ದರೆ ಬಿರುಕು ಮುಚ್ಚಿ, ಮಣ್ಣು ಉಬ್ಬಿ, ಚಪ್ಪಲಿಯನ್ನು ಹಿಡಿದು ಬಿಡುವುದಿಲ್ಲ. ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಆಗುವ ಮಣ್ಣು ಇದು. ಅಗೆಯುವವರಿಗೆ ಇದರಷ್ಟು ಕಾಡುವ ಮಣ್ಣು ಇನ್ನೊಂದಿಲ್ಲ. ರಂಟೆ ಹೊಡೆಯುವಾಗ ಹಳೆಯ ಗಡಿಗೆಯ ಚೂರು ಮೇಲೆ ಬಂತೆಂದು ರೈತ ಹೇಳಿದರೆ ಅದು ಅಲ್ಲೇ ಹೂತಿದ್ದ ಚೂರೋ, ನೂರಾರು ಮಳೆಗಾಲ ಅಡ್ಡಾಡಿ ಅಲ್ಲಿಗೆ ಬಂದ ಚೂರೋ ಹೇಳುವುದು ಸುಲಭವಲ್ಲ.

ಮಣ್ಣಿನ ಕೆಳಗೆ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಸೀಳಿ ಲಾವಾ ಹರಿದು, ಒಂದರ ಮೇಲೊಂದು ಪದರವಾಗಿ ಆರಿ ಗಟ್ಟಿಯಾದ ಕಲ್ಲು. ಬಾವಿ ತೋಡುವಾಗ ಅದರ ಹೊಟ್ಟೆಯಲ್ಲಿ ಅಲ್ಲಲ್ಲಿ ಬಿಳಿಯ ಹರಳು ತುಂಬಿದ ಗುಳಿಗಳು ಸಿಗುತ್ತವೆ. ಲಾವಾದಲ್ಲಿದ್ದ ಗಾಳಿಗುಳ್ಳೆಗಳಲ್ಲಿ ನಿಧಾನಕ್ಕೆ ಕಟ್ಟಿಕೊಂಡ ಹರಳುಗಳವು. ಮಕ್ಕಳು ಅವನ್ನು ಜೇಬಿಗೆ ಹಾಕಿಕೊಂಡು ಓಡುತ್ತಾರೆ. ಈ ಸೀಮೆಯ ನಿಸರ್ಗದ ಮೊದಲ ಪಾಠ ಶಾಲೆಯ ಪುಸ್ತಕಕ್ಕಿಂತ ಮುಂಚೆ ಆ ಜೇಬಿನಲ್ಲಿರುತ್ತದೆ.

ಕಿಣ್ಣಿ ಸುಲ್ತಾನ ಆಳಂದ ತಾಲೂಕಿನ ಊರು. ಈ ಊರಿನ ಹೆಸರು ಕೇಳಿದ ಕೂಡಲೇ ಹೊರಗಿನವರು ಸುಲ್ತಾನನ ಕೋಟೆ ಎಲ್ಲಿದೆ ಎಂದು ಹುಡುಕತೊಡಗುತ್ತಾರೆ. ನೋಡಬೇಕಾದ್ದು ಅದಲ್ಲ. ಈ ಭಾಗದ ಯಾವ ಊರಿಗೆ ಹೋದರೂ ಮಣ್ಣಿನ ಮಾಳಿಗೆಯ ಮನೆ, ಅಗಸಿ, ಹಣಮಪ್ಪನ ಗುಡಿ, ಬೇವಿನ ಮರ, ಆ ಮರದ ಕಟ್ಟೆಗೆ ಒರಗಿಸಿಟ್ಟ ಹಳೆಯ ಕಲ್ಲುಗಳು, ಇಷ್ಟು ಇದ್ದೇ ಇರುತ್ತವೆ. ಅರ್ಧ ಮಣ್ಣಿನಲ್ಲಿ ಹೂತ ಒಂದು ನಂದಿ, ಮೂಗು ಹೋದ ಒಂದು ದೇವಿ, ನಾಗರಕಲ್ಲು, ಒಂದೆರಡು ವೀರಗಲ್ಲು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಒಬ್ಬನ ಕೈಯಲ್ಲಿ ಬಿಲ್ಲೋ ಕತ್ತಿಯೋ, ಎದುರಿಗೆ ಇಬ್ಬರು ಮೂವರು, ಕೆಲವೊಮ್ಮೆ ಬದಿಗೆ ದನಗಳು, ದನ ಕಳ್ಳರ ಕೈಗೆ ಹೋಗದಂತೆ ತಡೆದು ಸತ್ತವನ ಕಲ್ಲು ಅದು. ನಡುವಿನ ಪಟ್ಟಿಯಲ್ಲಿ ಅವನನ್ನು ಅಪ್ಸರೆಯರು ಎರಡೂ ಕಡೆ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈ ಮುಗಿದು ಕುಳಿತಿದ್ದಾನೆ, ಪಕ್ಕದಲ್ಲಿ ಪೂಜಾರಿ. ನೆತ್ತಿಗೆ ಸೂರ್ಯ, ಚಂದ್ರ. ಅವು ಇರುವತನಕ ಈ ಹೆಸರಿರಲಿ ಎಂದು. ಹೆಸರೇ ಈಗ ಯಾರಿಗೂ ಗೊತ್ತಿಲ್ಲ. ಆದರೆ ಎಣ್ಣೆ ತಪ್ಪಿಲ್ಲ. ಎಣ್ಣೆ, ಕುಂಕುಮ, ಧೂಳು ಕೂಡಿ ಕಲ್ಲಿನ ಮೇಲೊಂದು ಕಪ್ಪು ಹೊದಿಕೆಯಾಗಿದೆ. ಬೆರಳಿಂದ ಸವರಿದರೆ ಕಾಳಗದ ಗೆರೆಗಳು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ.

ಕಟ್ಟೆಯ ಮೇಲೆ ಕೂತ ಮುತ್ಯಾನನ್ನು “ಇದು ಯಾರ ಕಲ್ಲ್ರಿ ಮುತ್ಯಾ?” ಎಂದು ಕೇಳಿದರೆ, “ಯಾರದು ಅಂತ ಹೇಳ್ಲೋ ತಮ್ಮಾ, ಹಿರ್ಯಾರದು. ನಮ್ಮಪ್ಪ ಮಾಡ್ತಿದ್ದ, ನಾ ಮಾಡ್ತೀನಿ” ಎನ್ನುತ್ತಾರೆ. “ಇದನ್ನ ಕಲಬುರಗಿಗಿ ಒಯ್ದು ಇಡಬಹುದಲ್ರಿ?” ಎಂದರೆ ಮುಖ ಬಿಗಿಯುತ್ತದೆ. “ಒಯ್ದು? ಅಮಾಸಿಗಿ ಎಣ್ಣಿ ಯಾರ ಹಾಕ್ತಾರ?”

ಈ ಪ್ರಶ್ನೆಗೆ ಉತ್ತರ ಕೊಡಲಾಗದ ಸಂಗ್ರಹಾಲಯ ಹಳ್ಳಿಯ ಕಲ್ಲನ್ನು ಮುಟ್ಟಬಾರದು ಎಂದು ನನಗೆ ಅನ್ನಿಸುತ್ತದೆ. ಹಾಗೆಂದು ಬಯಲಿನಲ್ಲಿ ಬಿಟ್ಟ ಕಲ್ಲಿಗೆ ಅಪಾಯ ಇಲ್ಲವೆಂದಲ್ಲ. ಗುಡಿಯ ಜೀರ್ಣೋದ್ಧಾರಕ್ಕೆ ಜೆಸಿಬಿ ಬಂದ ದಿನ ಹಳೆಯ ಕಲ್ಲು ಪಾಯಕ್ಕೆ ಹೋಗುತ್ತದೆ. ಅಕ್ಷರ ಇದ್ದ ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿಯುತ್ತಾರೆ. ಬಣ್ಣ ಬಳಿಯುವವರಿಗೆ ಅದು ಭಕ್ತಿ. ಅಕ್ಷರ ಓದುವವರಿಗೆ ಅದು ಮರಣ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡಿದ್ದರೆ ಕಲ್ಲು ಉಳಿಯುತ್ತಿತ್ತು.

ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಈ ಪ್ರದೇಶ ಅಳಂದೆ ಸಾಸಿರ. ಸಾವಿರ ಊರುಗಳ ನಾಡೆಂದು ಲೆಕ್ಕ. ಅಂದರೆ ಇಂದಿನ ಆಳಂದ ಆಗಲೇ ಒಂದು ನಾಡಿನ ತಲೆಯೂರು. ಈ ಶಾಸನಗಳನ್ನು ಓದಿದವರ ಕಥೆ ದೊಡ್ಡದು. ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ಸೀಮೆ 1948ರವರೆಗೆ ನಿಜಾಮನ ರಾಜ್ಯದಲ್ಲಿತ್ತು, 1956ರಲ್ಲಿ ಇಂದಿನ ಕರ್ನಾಟಕಕ್ಕೆ ಸೇರಿತು. ಅಲ್ಲಿಯವರೆಗೆ ಇಲ್ಲಿನ ಪುರಾತತ್ವದ ಕಾಗದಪತ್ರವೆಲ್ಲ 1914ರಲ್ಲಿ ಹುಟ್ಟಿದ ಹೈದರಾಬಾದಿನ ಇಲಾಖೆಯದು. ಪಿ. ಬಿ. ದೇಸಾಯಿಯವರು ಸಂಪಾದಿಸಿದ, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ 1958ರಲ್ಲಿ ಅದೇ ಇಲಾಖೆಯ ಮಾಲಿಕೆಯಲ್ಲಿ ಬಂತು. ರಾಜ್ಯವೇ ಇಲ್ಲವಾಗಿ ಎರಡು ವರ್ಷ ಕಳೆದಿತ್ತು, ಪುಸ್ತಕ ನಿಲ್ಲಲಿಲ್ಲ.

ಕಟ್ಟೆಯಿಂದ ಇಳಿದು ಓಣಿಯಲ್ಲಿ ನಡೆದರೆ ಹಗೇವು ಇದ್ದ ಜಾಗವನ್ನು ತೋರಿಸುವವರು ಇನ್ನೂ ಇದ್ದಾರೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ದಂಟು, ಹೊಟ್ಟು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಬರಗಾಲ ಬರುವತನಕ ಅದರ ಗೊಡವೆಯಿಲ್ಲ. ತೆಗೆಯುವ ದಿನ ಮಾತ್ರ ಅವಸರ ಮಾಡುವಂತಿಲ್ಲ. ಒಳಗೆ ವಿಷಗಾಳಿ ಕಟ್ಟಿರುತ್ತದೆ. ಬಾಯಿ ತೆರೆದು ಬಿಟ್ಟು, ಆಮೇಲೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಕೂಡದು. ಉರಿಯುತ್ತಲೇ ಇದ್ದರೆ ಒಬ್ಬ ಇಳಿದು ಬುಟ್ಟಿ ತುಂಬಿ ಕೊಡುತ್ತಿದ್ದ. ಹೊಸ ಕಾಲದ ಊರುಗಳಲ್ಲಿ ಹಗೇವಿನ ಮೇಲೆ ಸಿಮೆಂಟ್ ರಸ್ತೆ ಬಂದಿದೆ. ಒಂದು ಹಗೇವನ್ನು ಅಡ್ಡ ಸೀಳಿ, ಅದರ ಪದರಗಳು, ಗೋಡೆಗೆ ಅಂಟಿದ ಹೊಟ್ಟು, ತಳದ ಜೋಳ ಕಾಣುವಂತೆ ಗಾಜು ಹಾಕಿ ತೋರಿಸುವ ಸಂಗ್ರಹಾಲಯ ಬಂದರೆ ನಾನು ನೂರು ಮೈಲಿ ದೂರದಿಂದಾದರೂ ನೋಡಲು ಹೋಗುತ್ತೇನೆ.

ಆಳಂದ ಸೀಮೆಯಲ್ಲಿ ಹುಟ್ಟುವ ಅಮರ್ಜಾ ನದಿ ದಕ್ಷಿಣಕ್ಕೆ ಹರಿದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ದತ್ತಾತ್ರೇಯನ ಕ್ಷೇತ್ರವಾದ್ದರಿಂದ ಸಂಗಮದಲ್ಲಿ ವರ್ಷವಿಡೀ ಜನ. ಮರಾಠಿಯೂ ಕನ್ನಡವೂ ಒಂದೇ ಮೆಟ್ಟಿಲ ಮೇಲೆ ಸ್ನಾನ ಮಾಡುತ್ತವೆ. ಹತ್ತಿರದ ಭಸ್ಮದ ಗುಡ್ಡದಿಂದ ಭಕ್ತರು ಚಿಟಿಕೆ ವಿಭೂತಿ ಕಟ್ಟಿಕೊಂಡು ಹೋಗುತ್ತಾರೆ. ಭೀಮೆ ಇಲ್ಲಿ ಹೆಚ್ಚಿನ ದಿನ ಸೌಮ್ಯ. 2020ರ ಅಕ್ಟೋಬರಿನಲ್ಲಿ ಮೇಲಿನಿಂದ ನೀರು ಬಂದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳು ಮುಳುಗಿದ್ದವು. ಮನೆಯೊಳಗೆ ನೀರು ಎಲ್ಲಿವರೆಗೆ ಬಂದಿತ್ತೆಂದು ಜನ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ನದಿಯ ಇತಿಹಾಸವನ್ನು ಬರೆಯಲು ಅಂಥ ಗೋಡೆಯ ಗೆರೆಗಳೂ ಬೇಕು. ಸುಣ್ಣ ಬಳಿಯುವ ಮೊದಲು ಅವುಗಳ ಎತ್ತರವನ್ನು ಯಾರಾದರೂ ಅಳೆದು ಬರೆದಿಟ್ಟಿದ್ದರೆ ಚೆನ್ನಾಗಿತ್ತು.

ನದಿಯ ಜೊತೆ ಕೆಳಕ್ಕೆ ಇಳಿದರೆ ಒಂದು ದಂಡೆಗೆ ಫಿರೋಜಾಬಾದ್. ಫಿರೋಜ್ ಶಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಅರಮನೆಯ ನಗರ. ಈಗ ಪಾಳುಗೋಡೆ, ಮುರಿದ ಕಮಾನು, ನಡುವೆ ಬೆಳೆ. ಅಲ್ಲಿಂದ ಜೇವರ್ಗಿ ಹತ್ತಿರ.

ಜೇವರ್ಗಿಯ ಹೆಸರು ಪುರಾತತ್ವದ ಪುಸ್ತಕಗಳಲ್ಲಿ ಬಂದದ್ದು 1851ರಲ್ಲಿ. ಬರೆದವನು ಫಿಲಿಪ್ ಮೆಡೋಸ್ ಟೇಲರ್. ಬಾಲಕನಾಗಿದ್ದ ಸುರಪುರದ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿದ ಈ ಆಂಗ್ಲ ಅಧಿಕಾರಿಯನ್ನು ಸೀಮೆಯ ಜನ ಮಹಾದೇವ ಬಾಬಾ ಎಂದು ಕರೆಯುತ್ತಿದ್ದರು. ಸುರಪುರದ ಗುಡ್ಡದ ಮೇಲಿನ ಅವನ ಮನೆ ಇಂದಿಗೂ ಟೇಲರ್ ಮಂಜಿಲ್. ಭೀಮಾತೀರದ ಜೇವರ್ಗಿಯ ಬಯಲಿನಲ್ಲಿ ಕಲ್ಲಿನ ವರ್ತುಲಗಳು, ಅವುಗಳ ನಡುವೆ ಕಲ್ಲು ಪೇರಿಸಿದ ಗುಪ್ಪೆಗಳು ಅವನ ಕಣ್ಣಿಗೆ ಬಿದ್ದವು. ಅಗೆಸಿದ. ಕೆಳಗೆ ಮನುಷ್ಯರ ಅಸ್ಥಿಪಂಜರಗಳು, ಹೊಳಪಿನ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು. ಕೆಲವು ಪಂಜರಗಳಿಗೆ ತಲೆ ಬೇರೆ, ಮುಂಡ ಬೇರೆ.

ಆ ಕಾಲದಲ್ಲಿ ಅಗೆಯುವವರು ನೆಲದೊಳಗಿಂದ ಮಡಕೆಯನ್ನೋ ಕತ್ತಿಯನ್ನೋ ಕಿತ್ತು ತೆಗೆದು, ಗುಂಡಿ ಮುಚ್ಚಿ ಹೋಗುತ್ತಿದ್ದರು. ಟೇಲರ್ ಹಾಗೆ ಮಾಡಲಿಲ್ಲ. ಗುಂಡಿಯ ಗೋಡೆಯನ್ನು ನೇರ ಕಡಿಸಿ, ಮೇಲಿನ ಕಲ್ಲಿನಿಂದ ತಳದ ಎಲುಬಿನವರೆಗೆ ಪದರ ಪದರವಾಗಿ ಏನೇನಿದೆಯೋ ಎಲ್ಲದರ ಚಿತ್ರ ಬರೆದ. ಯಾವ ಮಣ್ಣಿನ ಮೇಲೆ ಯಾವ ಮಣ್ಣು, ಯಾವ ಮಟ್ಟದಲ್ಲಿ ಮಡಕೆ, ತಲೆ ಎತ್ತ ಕಡೆ. ನೂರು ವರ್ಷ ಕಳೆದ ಮೇಲೆ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ನೋಡಿ ಕಾಲಕ್ಕಿಂತ ಬಹಳ ಮುಂದಿನ ಕೆಲಸವೆಂದು ಹೊಗಳಿದರು. ವೀಲರ್ ಸಾಮಾನ್ಯರಲ್ಲ, ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದು 1947ರಲ್ಲಿ ನಮ್ಮ ಬ್ರಹ್ಮಗಿರಿಯನ್ನು ಅಗೆಸಿದವರು. ಈ ಗೋರಿಗಳು ಯುರೋಪಿನ ಪ್ರಾಚೀನರಿಗೆ ಸಂಬಂಧಪಟ್ಟವು ಎಂಬ ಟೇಲರನ ಊಹೆ ನಿಲ್ಲಲಿಲ್ಲ. ಅವು ಇಲ್ಲಿನವರದೇ, ಕಬ್ಬಿಣ ಬಲ್ಲ ನಮ್ಮ ಹಿಂದಿನವರ ಗೋರಿಗಳು. ಊಹೆ ಹೋಯಿತು, ಚಿತ್ರ ಉಳಿಯಿತು. ನೆಲವನ್ನು ಓದುವ ಕ್ರಮ ನಮ್ಮ ದೇಶದಲ್ಲಿ ಮೊಳೆತ ಜಾಗಗಳಲ್ಲಿ ಜೇವರ್ಗಿಯ ಎರೆಹೊಲವೂ ಒಂದು. ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಇಳಿಯುವ ಹುಡುಗಿಗೆ ಇದನ್ನು ಹೇಳುವ ಒಂದು ಗೋಡೆ ಇರಬೇಕು. ಟೇಲರನ ಸೀಳುಚಿತ್ರವನ್ನು ಆಳೆತ್ತರಕ್ಕೆ ಹಿಗ್ಗಿಸಿ ಅಂಟಿಸಿದರೂ ಸಾಕು.

ಅದೇ ಭೀಮೆ ಇನ್ನೂ ಕೆಳಗೆ ಚಿತ್ತಾಪುರ ತಾಲೂಕಿನ ಸನ್ನತಿಗೆ ಬರುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಕರಿಕಲ್ಲು ಮುಗಿದು ಸುಣ್ಣಕಲ್ಲು ಶುರುವಾಗಿರುತ್ತದೆ. ಶಹಾಬಾದಿ ಫರಸಿ ಎಂದರೆ ಎಲ್ಲರಿಗೂ ಗೊತ್ತು: ಉಳಿ ಇಟ್ಟು ಹೊಡೆದರೆ ಹಾಳೆ ಹಾಳೆಯಾಗಿ ಬಿಡುವ ಕಲ್ಲು. ಪ್ರಾಣಿಗಳಿಗೆ ಚಿಪ್ಪು, ಎಲುಬು ಬರುವುದಕ್ಕೂ ಮುಂಚಿನ ಕಡಲಿನ ತಳ ಅದು. ನಮ್ಮ ಅಡುಗೆಮನೆಯ ನೆಲ, ಬಚ್ಚಲ ಕಲ್ಲು, ಪಡಸಾಲೆ, ಶಾಲೆಯ ವರಾಂಡ ಎಲ್ಲಾ ಅದೇ ಕಡಲಿನ ತಳ. ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಶಿಲ್ಪಿಗಳೂ ಈ ನಾಡಿನ ಸುಣ್ಣಕಲ್ಲನ್ನೇ ಆರಿಸಿಕೊಂಡರು. ನುಣುಪು, ಉಳಿಗೆ ಒಗ್ಗುವಂಥದ್ದು, ಬೇಕಾದಷ್ಟು ಅಗಲದ ಹಲಗೆ ಕೈಯಳತೆಯಲ್ಲೇ ಸಿಗುತ್ತಿತ್ತು.

ಸನ್ನತಿಯಲ್ಲಿ ಚಂದ್ರಲಾ ಪರಮೇಶ್ವರಿಯ ಗುಡಿಯಿದೆ. ಈ ಸ್ಥಳದ ಹಳೆಯ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು, 1950ರ ದಶಕದಲ್ಲಿ. 1986ರಲ್ಲಿ ಗುಡಿಯ ಆವರಣದ ಕಾಳಿಯ ಗುಡಿಯ ಮೇಲ್ಛಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿ ನಿಂತಿದ್ದ ಪೀಠದ ಕಲ್ಲನ್ನು ಎತ್ತಿ ನೋಡಿದರೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ, ಅದೂ ಎರಡೂ ಮುಖಕ್ಕೆ. ಒಂದು ಕಡೆ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನ, ಇನ್ನೊಂದು ಕಡೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಕಳಿಂಗದ ಅಧಿಕಾರಿಗಳಿಗೆ, ಪ್ರಜೆಗಳನ್ನು ಮಕ್ಕಳಂತೆ ಕಾಣಿರಿ ಎಂಬರ್ಥದಲ್ಲಿ ಬರೆಸಿದ ಮಾತು ಭೀಮೆಯ ದಂಡೆಯಲ್ಲಿ ಏಕೆ ಬಂತು? ಈ ನೆಲವೂ ಕಳಿಂಗದಂತೆ ನೊಂದಿತ್ತೇ? ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ.

ಆ ಕಲ್ಲಿನ ನಟ್ಟನಡುವೆ ಒಂದು ಚೌಕ ತೂತು ಇದೆ. ಮೂರ್ತಿಯನ್ನು ಕೂರಿಸಲು ಕೊರೆದದ್ದು. ಆ ತೂತಿನ ಜಾಗದ ಅಕ್ಷರಗಳು ಹೋದವು. ಅಕ್ಷರ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ತೂತು ಕೊರೆದು ಕಾಳಿಯನ್ನು ಕೂರಿಸಿದ ಆ ಕೈಗಳಿಲ್ಲದಿದ್ದರೆ ಈ ಹಲಗೆ ಎಂದೋ ಯಾರದೋ ಬಾವಿಯ ಕಟ್ಟೆಗೆ ಒಡೆದು ಹೋಗುತ್ತಿತ್ತು. ಉಳಿದ ಅಕ್ಷರ ಉಳಿದದ್ದು ದೇವಿಯ ಪಾದದಡಿ. ಹನ್ನೆರಡನೆಯ ಶಾಸನದ ವಿಷಯವಾದರೂ ಏನು: ತನ್ನ ಮತವನ್ನು ಮೆರೆಸಲು ಇನ್ನೊಬ್ಬರ ಮತವನ್ನು ಹಳಿಯಬೇಡಿ, ಒಬ್ಬರ ಮಾತನ್ನು ಒಬ್ಬರು ಕೇಳಿರಿ ಎಂಬುದು. ಅದನ್ನು ಓದಲು ಬಾರದ ಪೂಜಾರಿಗಳು ಶತಮಾನಗಟ್ಟಲೆ ಅದರ ಮೇಲೆ ಹೂ ಏರಿಸಿದರು.

ಸನ್ನತಿಯ ಮಗ್ಗುಲ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು, ಕೆ. ಪಿ. ಪೂಣಚ್ಚ ಅವರ ನೇತೃತ್ವದಲ್ಲಿ, ಹೊಲದ ನಡುವಿನ ಒಂದು ದಿಬ್ಬವನ್ನು ಅಗೆದರು. ಒಳಗೆ ಮಹಾಸ್ತೂಪ, ಅಲ್ಲಿನ ಶಾಸನಗಳು ಅದನ್ನು ಅಧೋಲೋಕ ಮಹಾಚೈತ್ಯ ಎನ್ನುತ್ತವೆ. ಸುತ್ತ ಹೊದಿಸಿದ್ದ ಕೆತ್ತನೆಯ ಹಲಗೆಗಳು ಕಳಚಿ ಬಿದ್ದಲ್ಲೇ ಬಿದ್ದಿದ್ದವು. ಇನ್ನೂರಕ್ಕೂ ಮೀರಿದ ಚಿಕ್ಕ ಚಿಕ್ಕ ಬ್ರಾಹ್ಮಿ ಬರಹಗಳು: ಇದು ಇಂಥವರ ದಾನ, ಇದು ಇಂಥ ಕಥೆ, ಇವನು ಇಂಥ ಸಾತವಾಹನ ರಾಜ. ಆ ಹಲಗೆಗಳಲ್ಲೊಂದರ ಮೇಲೆ ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಚಾಮರ ಹಿಡಿದವಳು, ಛತ್ರ ಹಿಡಿದವಳು. ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: ರಾಯ ಅಸೋಕೋ. ಅಶೋಕನ ಚಿತ್ರಕ್ಕೆ ಅಶೋಕನೆಂದೇ ಹೆಸರು ಬರೆದ ಹಳೆಯ ಕಲ್ಲು ಇದು. ಅವನು ಗತಿಸಿ ಶತಮಾನಗಳಾದ ಮೇಲೆ ಕೆತ್ತಿದ್ದು, ಆದ್ದರಿಂದ ಮುಖದ ಹೋಲಿಕೆ ಹುಡುಕುವುದು ಬೇಡ. ಹತ್ತಿರದಿಂದ ನೋಡಬೇಕಾದ್ದು ರಾಜ, ರಾಣಿ ಮೈ ವಾಲಿಸಿಕೊಂಡು ನಿಂತ ಬಗೆ. ಆಸ್ಥಾನದ ಬಿಗಿ ಅಲ್ಲಿಲ್ಲ. ಮನೆಯಂಗಳದಲ್ಲಿ ನಿಂತು ಏನೋ ಮಾತಾಡುತ್ತಿದ್ದವರನ್ನು ನಡುವೆಯೇ ಹಿಡಿದು ನಿಲ್ಲಿಸಿದಂತಿದೆ.

ದಕ್ಷಿಣಕ್ಕೆ ಸುರಪುರ ಸೀಮೆಯವರೆಗೆ ಹೋದರೆ ಕಾಲ ಇನ್ನೂ ಆಳಕ್ಕೆ ಇಳಿಯುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಟ್ಟಲೆ ಹುಣಸಗಿಯ ಬಯಲಿನಲ್ಲಿ ನಡೆದಾಡಿ ಹುಡುಕಿದ ಜಾಗಗಳಲ್ಲಿ ಇಸಾಂಪುರ ಒಂದು. ಆದಿಮಾನವರು ಸುಣ್ಣಕಲ್ಲಿನ ಹಲಗೆಗಳನ್ನು ಒಡೆದು ಕೈಗೊಡಲಿ ಮಾಡಿದ ಕಮ್ಮಟ. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಅದೇ ಸೀಮೆಯ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳ ಬೂದಿದಿಬ್ಬ: ದೊಡ್ಡಿಯ ಸಗಣಿ ರಾಶಿಯಾಗಿ, ಸುಟ್ಟು, ಮತ್ತೆ ರಾಶಿಯಾಗಿ ಬೆಳೆದದ್ದು.

ನಿಸರ್ಗದ ಪರಂಪರೆಯನ್ನು ಚರಿತ್ರೆಯಿಂದ ಬೇರೆ ಕೋಣೆಯಲ್ಲಿಡಲು ಈ ನಾಡಿನಲ್ಲಿ ಆಗುವುದೇ ಇಲ್ಲ. ಸುಣ್ಣಕಲ್ಲು ಇಲ್ಲದಿದ್ದರೆ ಇಸಾಂಪುರದ ಕೈಗೊಡಲಿಯಿಲ್ಲ, ಕನಗನಹಳ್ಳಿಯ ರಾಣಿಯಿಲ್ಲ. ಎರೆಮಣ್ಣು ಇಲ್ಲದಿದ್ದರೆ ಹಗೇವಿನ ಜೋಳವಿಲ್ಲ. ಬೆಳೆಗೆ ಬೀಳುವ ಚಿಗರಿ ಹಿಂಡು, ಚಳಿಗಾಲಕ್ಕೆ ಉತ್ತರದಿಂದ ಬಂದು ಕಡಲೆ ಹೊಲದ ಮೇಲೆ ತಗ್ಗಿ ಹಾರುವ ಹದ್ದಿನ ಜಾತಿಯ ಹಕ್ಕಿಗಳು, ಜಿಲ್ಲೆಯ ಪೂರ್ವದ ತುದಿಯಲ್ಲಿ 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಚಿಂಚೋಳಿಯ ಕಾಡು, ಎಲ್ಲವೂ ಒಂದೇ ಕಥೆಯ ಪಾತ್ರಗಳು. ಕಲಬುರಗಿಯ ಗುಂಬಜುಗಳಿಗೆ ಇಷ್ಟೆಲ್ಲ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಅವು ತಮ್ಮ ಕಲ್ಲುಗಳನ್ನು ತಂಪಿನಲ್ಲಿ ಇಟ್ಟುಕೊಂಡಿವೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಿಗೆ ತಮ್ಮದೇ ಆದ ಒಂದು ಮನೆ ಬೇಕು. ಅದಕ್ಕೆ ಹೊಸ ಕಟ್ಟಡವೇ ಆಗಬೇಕಿಲ್ಲ. ಬಿದ್ದುಹೋಗುತ್ತಿರುವ ಹಳೆಯ ವಾಡೆಗಳಿವೆ, ಮಾಳಿಗೆ ಗಟ್ಟಿಯಿರುವ ಹಳೆಯ ಶಾಲೆಗಳಿವೆ.

ಅಲ್ಲಿಗೆ ಹಳ್ಳಿಯ ವೀರಗಲ್ಲು ಬರುವುದು ಬೇಡ. ಅದರ ಅಚ್ಚು ಬರಲಿ, ಫೋಟೊ ಬರಲಿ, ಅಕ್ಷರವಿದ್ದರೆ ಅದರ ಪಡಿಯಚ್ಚು ಬರಲಿ. ಕಲ್ಲು ಬೇವಿನ ಬುಡದಲ್ಲೇ ಇರಲಿ. ತಾಲೂಕಿನ ಮನೆಯಲ್ಲಿ ಅದರ ಪಕ್ಕ ಊರಿನ ಹೆಸರು, ಊರವರು ಅದನ್ನು ಕರೆಯುವ ಹೆಸರು, ಎಣ್ಣೆ ಹಾಕುವ ಮನೆತನ, ಹಾಕುವ ದಿನ ಇಷ್ಟನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರಲಿ. ವಾರಸುದಾರರಿಲ್ಲದ, ಪಾಯಕ್ಕೆ ಹೋಗಲಿರುವ ಕಲ್ಲು ಮಾತ್ರ ಒಳಗೆ ಬರಲಿ. ಒಂದು ಗೋಡೆಗೆ ಎರೆಮಣ್ಣು, ಅದರ ಕೆಳಗೆ ಹರಳು ತುಂಬಿದ ಕರಿಕಲ್ಲು, ಆಚೆ ಫರಸಿ. ಇನ್ನೊಂದಕ್ಕೆ ಟೇಲರನ ಜೇವರ್ಗಿ. ನಡುವೆ ಸೀಳಿದ ಹಗೇವು, ಕೂರಿಗೆ, ಬೀಸುಕಲ್ಲು. ಬೀಸುಕಲ್ಲನ್ನು ಮಕ್ಕಳು ತಿರುಗಿಸಿ ನೋಡಲು ಬಿಡಬೇಕು.

ಪಟ್ಟಿ ಮಾಡುವ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಊರಿಗೊಂದು ನೋಟ್‌ಬುಕ್ಕು, ಒಂದು ಅಳತೆಯ ಟೇಪು, ಒಂದು ಮೊಬೈಲು ಸಾಕು. ಕಡಗಂಚಿಯ ವಿದ್ಯಾರ್ಥಿಗಳೂ ಹಳ್ಳಿಯ ಪ್ರೌಢಶಾಲೆಯ ಮಕ್ಕಳೂ ಜೊತೆಯಾಗಿ ಕಿಣ್ಣಿ ಸುಲ್ತಾನದಿಂದ ಶುರು ಮಾಡಬಹುದು. ಕಲ್ಲು ಎಲ್ಲಿದೆ, ಎಷ್ಟು ಎತ್ತರ, ಮೇಲೆ ಏನಿದೆ, ಮುತ್ಯಾ ಅದರ ಬಗ್ಗೆ ಏನು ಹೇಳುತ್ತಾನೆ. ಮುತ್ಯಾಗಳು ಎಂಬತ್ತು ದಾಟಿದ್ದಾರೆ. ಹಗೇವಿನೊಳಗೆ ಕಂದೀಲು ಇಳಿಬಿಟ್ಟ ಕೈಗಳು ಇನ್ನು ಕೆಲವೇ ಉಳಿದಿವೆ. ಈ ಬೇಸಿಗೆ ರಜೆಯಲ್ಲೇ ಕೇಳಿ ಬರೆದುಕೊಳ್ಳಬೇಕು, ಮುಂಗಾರು ಬಿದ್ದರೆ ಎಲ್ಲರೂ ಬಿತ್ತಿಗೆಗೆ ಹೋಗಿಬಿಡುತ್ತಾರೆ.